ಮೊದಲ ಸೀಟಿನ ಟೊಪ್ಪಿ

ಟೊಪ್ಪಿ ತನ್ನದೇ. ಅನುಮಾನವೇ ಇಲ್ಲ. ನೇರಳೆ ಪಟ್ಟಿಯ ಆ ಹುಲ್ಲಿನ ಟೊಪ್ಪಿಯನ್ನು ಸೊಯ್ಲಾಳ ಅವ್ವ ಕೈಯಾರೆ ಹೆಣೆದು ಮದುವೆಗೆ ಕೊಟ್ಟಿದ್ದಳು. ಅದೀಗ ಟ್ರಾಮಿನ ಮೊದಲ ಸೀಟಿನಲ್ಲಿ, ಯಾವಳದೋ ತಲೆಯ ಮೇಲೆ ಕೂತು, ಕ್ವೆಂಕಾ ಊರಿನ ನಡುಬೀದಿಯಲ್ಲಿ ಮೆರವಣಿಗೆ ಹೊರಟಿತ್ತು. ಟ್ರಾಮು ಓಡಿಸುತ್ತಿದ್ದವನು ಸೊಯ್ಲಾಳ ಗಂಡ ಎಫ್ರಾಯಿನ್.

"ಟೊಪ್ಪಿ ಅಷ್ಟೇ ಅಲ್ಲ, ಶಾಲೂ ನಿಂದೇ ಕಣೇ," ಎಂದಳು ಸೊಯ್ಲಾಳ ಬ್ರೆಡ್ಡಂಗಡಿಯ ಪಕ್ಕದ ಹೂವಿನಂಗಡಿಯ ಬೆಲ್ಹಿಕಾ. "ಮೈಕೈ ತುಂಬ್ಕೊಂಡಿದಾಳೆ ಪುಣ್ಯಾತ್ಗಿತ್ತಿ. ಮಹಾರಾಣಿ ಥರ ಕೂತಿದಾಳೆ, ಅಲ್ಲಾಡೋದೂ ಇಲ್ಲ."

"ಸಾಕು ಬಿಡಕ್ಕ."

ಬಿಟ್ಟರೆ ಅವಳು ಬೆಲ್ಹಿಕಾಳೇ ಅಲ್ಲ. "ಇನ್ನೂ ಪರೀಕ್ಷೆ ಓಟ, ಒಬ್ಬರನ್ನೂ ಹತ್ತಿಸ್ಕೊಳ್ಳೋ ಹಾಗಿಲ್ಲ ಅಂತಾರಪ್ಪ. ಮತ್ತೆ ಇವಳ್ಯಾರು?"

ಸೊಯ್ಲಾಳ ಹೊಟ್ಟೆಗೆ ಬೆಂಕಿ ಬಿದ್ದದ್ದೂ ಅದಕ್ಕೇ. ಹಳಿ ಹಾಕಲು ಬೀದಿ ಅಗೆದ ವರ್ಷಗಳಲ್ಲಿ ಅವಳ ಬ್ರೆಡ್ಡಂಗಡಿಗೆ ಧೂಳು ಬಿಟ್ಟರೆ ಬೇರೆ ಗಿರಾಕಿ ಇರಲಿಲ್ಲ. ಅಂಗಡಿ ಮುಚ್ಚುತ್ತೇನೆಂದು ಹೊರಟಾಗ ತಡೆದವನು ಎಫ್ರಾಯಿನ್. ಆಗಿನ್ನೂ ಅವನು ಹೊಗೆ ಕಕ್ಕುವ ಬಸ್ಸು ಓಡಿಸುತ್ತಿದ್ದ. "ಸ್ವಲ್ಪ ತಡ್ಕೊ. ಟ್ರಾಮ್ ಬಂದ್ರೆ ಊರಿಗೆ ಊರೇ ನಿನ್ನ ಬಾಗಿಲಲ್ಲಿ ಇಳಿಯುತ್ತೆ. ಆ ಕೆಲಸಕ್ಕೆ ನಾನೂ ಸೇರ್ತೀನಿ. ಮೊದಲು ಹತ್ತೋಳು ನೀನು. ಮೊದಲ ಸೀಟು ನಿಂದೇ." ಆ ಒಂದು ಮಾತನ್ನು ನಂಬಿ ಅವಳು ಇಷ್ಟು ವರ್ಷ ಧೂಳು ತಿಂದಿದ್ದಳು.

ಈಗ ಆ ಸೀಟಿನಲ್ಲಿ ಬೇರೊಬ್ಬಳು.

ಸುಳಿವು ಮೊದಲೇ ಸಿಕ್ಕಿತ್ತು. ಸಂಜೆ ಗಂಡ ಸೊಂಟ ಹಿಡಿದುಕೊಂಡು ಬರುತ್ತಿದ್ದ. ಕೇಳಿದರೆ "ಕೆಲಸ ಮಾರಾಯ್ತಿ" ಎನ್ನುತ್ತಿದ್ದ. ಅಂಗಿ ಒಗೆಯುವಾಗ ಕಾಲರಿನಿಂದ, ಜೇಬಿನಿಂದ ಮರಳು ಉದುರುತ್ತಿತ್ತು. ಮರಳಿರುವುದು ಎಲ್ಲಿ? ಯನುಂಕಾಯ್ ಹೊಳೆಯ ದಂಡೆಯಲ್ಲಿ. ಅಲ್ಲಿಗೆ ಹೋಗುವವರು ಯಾರು? ಮೀನು ಹಿಡಿಯುವವರು, ಇಲ್ಲವೇ ಪ್ರೇಮಿಗಳು. ಎಫ್ರಾಯಿನ್ ಈವರೆಗೆ ಮನೆಗೆ ಒಂದು ಮೀನೂ ತಂದಿರಲಿಲ್ಲ.

ನಿನ್ನೆ ಊಟದ ಹೊತ್ತಿನಲ್ಲಿ ಅವನ ಬಾಯಿ ಬಿಡಿಸಲು ನೋಡಿದ್ದಳು. "ಖಾಲಿ ಗಾಡಿ, ಒಬ್ಬನೇ. ಬೇಜಾರಾಗಲ್ವಾ?"

"ಜೊತೆಗೆ ಇದಾರಲ್ಲ," ಎಂದು ಅವನು ಬೇಯಿಸಿದ ಜೋಳ ಅಗಿಯುತ್ತ ನಕ್ಕಿದ್ದ. "ಪಾಪ, ಒಂದು ಮಾತೂ ಎದುರಾಡಲ್ಲ."

ಆ ತಟ್ಟೆಯನ್ನು ಅವನ ತಲೆಯ ಮೇಲೇ ಬೋರಲು ಹಾಕಬೇಕಿತ್ತು ಎಂದು ಸೊಯ್ಲಾಳಿಗೆ ಈಗ ಅನ್ನಿಸಿತು.

ಟ್ರಾಮು ಒಂದು ಸುತ್ತು ಹಾಕಿ ಮತ್ತೆ ಬಂದಾಗ ಅವಳು ಹಿಟ್ಟಿನ ಕೈಯಲ್ಲೇ ಹೋಗಿ ಹಳಿಗಳ ನಡುವೆ ನಿಂತಳು. ಟ್ರಾಮಿನ ಗಂಟೆ ಬಡಿಯಿತು. ಅವಳು ಕದಲಲಿಲ್ಲ. ಟ್ರಾಮು ಅವಳಿಂದ ಒಂದು ಮಾರು ದೂರದಲ್ಲಿ ಮುಗ್ಗರಿಸಿ ನಿಂತಿತು. ಬೆಲ್ಹಿಕಾ ಚೆನ್ನಾಗಿ ಕಾಣಲೆಂದು ಕುರ್ಚಿಯನ್ನು ಹೊರಗೆ ತಂದು ಹಾಕಿಕೊಂಡಳು.

ಎಫ್ರಾಯಿನ್ ಬಾಗಿಲು ತೆರೆದು ತಲೆ ಹೊರಹಾಕಿದ. "ಏನೇ ಇದು, ನನ್ನ ಕೆಲಸ ಕಳೀಬೇಕು ಅಂತಿದೀಯಾ? ಒಳಗೆ ಯಾರೂ ಬರೋ ಹಾಗಿಲ್ಲ."

"ಅವಳು ಬರಬಹುದು, ನಾನು ಬರಬಾರ್ದು?"

"ಅವಳಾ?" ಅವನ ಕಿವಿ ಕೆಂಪಾಯಿತು. "ಅದು... ನಿಂಗೆ ಆಮೇಲೆ ಹೇಳೋಣ ಅಂತಿದ್ದೆ."

"ಏನೂ ಹೇಳ್ಬೇಡ. ಸಂಜೆಗೆ ನಿನ್ನ ಬಟ್ಟೆಬರೆ ಬೀದಿಲಿರುತ್ತೆ, ಎತ್ಕೊಂಡು ಅವಳ ಮನೆಗೇ ಹೋಗು."

ಗಂಡನನ್ನು ಪಕ್ಕಕ್ಕೆ ನೂಕಿ ಅವಳು ಹತ್ತಿದಳು. ಬಿಸಿಲಿನಿಂದ ಬಂದ ಕಣ್ಣಿಗೆ ಶಾಲು ಹೊದ್ದ ದಪ್ಪ ಮೈಯೊಂದೇ ಕಂಡಿತು. ಅಳು ಉಕ್ಕಿ ಬಂತು. ಆದರೂ ಟೊಪ್ಪಿ ಹಿಡಿದು ಕಿತ್ತಳು.

ಟೊಪ್ಪಿಯ ಕೆಳಗೆ ತಲೆ ಇರಲಿಲ್ಲ. ಹುರಿಯಿಂದ ಬಿಗಿದ ಚೀಲದ ಬಾಯಿ ಇತ್ತು. ಅವಳ ಮುಷ್ಟಿಯ ಮೇಲೆ ಸಣ್ಣಗೆ ಮರಳು ಸುರಿಯಿತು. ಹಿಂದೆ ನೆಲದುದ್ದಕ್ಕೂ ಅಂಥವೇ ಚೀಲಗಳು ಮಲಗಿದ್ದವು.

"ಜನ ಹತ್ತೋವರೆಗೆ ಅವರ ಭಾರದ ಬದಲು ಇವನ್ನೇ ಹೇರಿ ಓಡಿಸಿ ನೋಡ್ತೀವಿ," ಎಂದ ಎಫ್ರಾಯಿನ್, ಸೊಂಟ ನೀವಿಕೊಳ್ಳುತ್ತ. "ನಿಂಗೆ ಮಾತು ಕೊಟ್ಟಿದ್ನಲ್ಲ. ಅದಕ್ಕೇ ನಿನ್ನ ಟೊಪ್ಪಿ ಹಾಕಿ ಸೀಟು ಹಿಡಿದಿಟ್ಟೆ."

ಸೊಯ್ಲಾ ಕಣ್ಣೊರೆಸಿಕೊಂಡಳು. ಚೀಲವನ್ನು ಮೇಲಿಂದ ಕೆಳಗೆ, ಮತ್ತೆ ಎಡದಿಂದ ಬಲಕ್ಕೆ ನೋಡಿದಳು.

"ಅಲ್ಲ ಕಣೋ, ನಾನಿಷ್ಟು ದಪ್ಪ ಇದೀನಾ?"