ಎಟುಕದ ಚಿಲಕ

ಬೆಳಗ್ಗೆ ಹತ್ತೂವರೆಗೆ ಮಿಸ್ಸು ಹಾಜರಿ ಕೂಗಿ ಮುಗಿಸಿದರು. ಕವಿತಾ ಆವತ್ತೂ ಬಂದಿರಲಿಲ್ಲ. ಬಾರದವರನ್ನು ಮನೆಗೇ ಹೋಗಿ ಕರೆತರುವುದು ಭರಮಸಾಗರದ ನಮ್ಮ ಶಾಲೆಯ ರೂಢಿ. ನನ್ನನ್ನೂ ಮಂಜನನ್ನೂ ಕಳಿಸಿದರು.

"ಈರುಳ್ಳಿ ಕೀಳೋದು ಮುಗಿಯಾವರ್ಗೂ ಅವಳು ಬರಲ್ಲ ಕಣಲೇ, ಪಾಪು ನೋಡ್ಕಬೇಕಂತೆ," ಎಂದ ಮಂಜ. "ಅವರವ್ವ ನಮ್ಮನ್ನೇ ಅಟ್ಟಿಸ್ಕಂಡ್ ಬರ್ತಾಳೆ ನೋಡು."

ಅವರವ್ವ ಹೊಲಕ್ಕೆ ಹೋಗಿದ್ದಳು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಸಂದಿಯಿಂದ ಹೊಗೆ ಬರುತ್ತಿತ್ತು.

"ಚಿಲಕ ತೆಗೀರೋ," ಒಳಗೆ ಕವಿತಾ ಕೆಮ್ಮುತ್ತಿದ್ದಳು.

ಚಿಲಕ ನಮ್ಮ ಕೈಗೆ ಎಟುಕಲಿಲ್ಲ. ಮಂಜ ಬಗ್ಗಿ ನಿಂತ. ಅವನ ಬೆನ್ನ ಮೇಲೆ ಹತ್ತಿ ಚಿಲಕ ಎಳೆದು ಬಾಗಿಲು ತೆಗೆದೆ. ಪಾಪುವಿಗೆ ಹಾಲು ಕಾಯಿಸುವಾಗ ಒಲೆಯ ಕಿಡಿ ಗೋಣಿಚೀಲಕ್ಕೆ ತಗುಲಿತ್ತು. ಬಡಿದು ಆರಿಸಲು ಹೋಗಿ ಕವಿತಾಳ ಅಂಗೈ ಬೆಂದಿತ್ತು. ಪಾಪು ಅಳುತ್ತಿರಲಿಲ್ಲ. ಅಂಗಳಕ್ಕೆ ತಂದು ಬಹಳ ಹೊತ್ತು ಬೆನ್ನು ತಟ್ಟಿದ ಮೇಲೆ ಸಣ್ಣಗೆ ಅತ್ತಿತು.

ಈಗಲೂ ಸುಟ್ಟ ಗೋಣಿಯ ವಾಸನೆ ಬಂದರೆ ನನ್ನ ಕೈ ತಾನಾಗಿ ಮೇಲಕ್ಕೆ ಚಾಚಿಕೊಳ್ಳುತ್ತದೆ.

ಆವತ್ತು ಸಂಜೆ ಕವಿತಾಳ ಅವ್ವ ಮಣ್ಣುಗೈಯಲ್ಲೇ ಮಿಸ್ಸಿನ ಮುಂದೆ ನಿಂತಿದ್ದಳು. "ಮಕ್ಳು ರೋಡಿಗೆ ಹೋಗಬಾರ್ದು ಅಂತ ಚಿಲಕ ಹಾಕಿದ್ದೆ ಮೇಡಂ."

"ಪಾಪುನೂ ಕಳ್ಸವ್ವ," ಎಂದರು ಮಿಸ್ಸು. "ನನ್ ಕ್ಲಾಸಲ್ಲೇ ಮಲಗ್ಲಿ."

ಆಮೇಲೆ ಕೆಲವು ದಿನ ರಾತ್ರಿಯೆಲ್ಲ ಎದ್ದೆದ್ದು, ಹೊರಗಿನಿಂದ ಚಿಲಕ ಬಿದ್ದಿದೆಯೇನೋ ಎಂದು ನಮ್ಮ ಮನೆಯ ಬಾಗಿಲು ತಳ್ಳಿ ನೋಡುತ್ತಿದ್ದೆ. ಅಂಗೈಗೆ ಬಟ್ಟೆ ಸುತ್ತಿಕೊಂಡ ಕವಿತಾ ಪಾಪುವನ್ನು ಸೊಂಟದ ಮೇಲೆ ಹೊತ್ತು ಕ್ಲಾಸಿಗೆ ಬಂದ ದಿನ ರಾತ್ರಿ, ನಾನು ಬೆಳಗಾಗುವವರೆಗೂ ಏಳದೆ ನಿದ್ದೆ ಮಾಡಿದೆ.