ಒಳಮನೆಯ ಚಪ್ಪಲಿ

ಆಯುಧಪೂಜೆಯ ಬೆಳಿಗ್ಗೆ ಧೂಳು ಒರೆಸಲೆಂದು ಶಿವರಾಮ್ ಹೆಂಡತಿಯ ಹೊಲಿಗೆ ಮಿಷನ್ನನ್ನು ಪಕ್ಕಕ್ಕೆ ಸರಿಸಿದ. ಅದರ ಹಿಂದೆ ಸಿಕ್ಕಿಸಿಟ್ಟಿದ್ದ ಬಟ್ಟೆಯ ಗಂಟೊಂದು ಉರುಳಿ ನಡುಮನೆಗೆ ಬಂದು ಬಿಚ್ಚಿಕೊಂಡಿತು. ಒಳಗಿದ್ದದ್ದು ಒಂದು ಜೊತೆ ಚಪ್ಪಲಿ.

“ಇದ್ಯಾರ್ದೇ ವನಿತಾ? ಮನೆ ಒಳಗೆ?”

ಅರಿಶಿನ ಕುಂಕುಮದ ತಟ್ಟೆ ಹಿಡಿದು ಬರುತ್ತಿದ್ದ ವನಿತಾ ಅಲ್ಲೇ ನಿಂತಳು. ಅಲ್ಲಾಳಸಂದ್ರದ ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಅಷ್ಟರಲ್ಲಿ ಅತ್ತೆಯ ಕಣ್ಣೆದುರು ಒಂದು ಚಪ್ಪಲಿಯೂ ಹೊಸಿಲು ದಾಟಿದ್ದನ್ನು ಅವಳು ಕಂಡಿರಲಿಲ್ಲ. ಬ್ಲೌಸ್ ಹೊಲಿಯಲು ಕೊಡುವವರಿರಲಿ, ಗ್ಯಾಸ್ ಸಿಲಿಂಡರ್ ಹೊತ್ತು ತರುವವನಿರಲಿ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ ಅತ್ತೆ ಅಕ್ಕಯ್ಯಮ್ಮ ಮೊದಲು ನೋಡುತ್ತಿದ್ದದ್ದು ಅವರ ಕಾಲನ್ನು. ಈಗ ಅದೇ ಕುರ್ಚಿಯಿಂದ ಅಕ್ಕಯ್ಯಮ್ಮ ಎದ್ದಳು.

“ನಂದೇ ಅತ್ತೆ,” ಎಂದಳು ವನಿತಾ. ತಟ್ಟೆ ಕೆಳಗಿಟ್ಟಳು. “ನಾಲ್ಕು ತಿಂಗಳಾಯ್ತು. ನೀವು ಮಲಗಿದ್ದಾಗ ಹಾಕ್ಕೊಂಡು ಕಟಿಂಗ್ ಮಾಡ್ತೀನಿ. ಆಚೆಗೆ ಒಂದು ದಿನಾನೂ ಹಾಕಿಲ್ಲ, ದೇವ್ರಾಣೆ.”

ವನಿತಾಳ ಕಾಲಿನ ಗೆಣ್ಣುಗಳಲ್ಲಿ ಸಂಧಿವಾತ. ಬರಿಗಾಲಲ್ಲಿ ಟೈಲ್ಸ್ ಮೇಲೆ ನಿಲ್ಲಲೇಬೇಡಿ ಎಂದಿದ್ದರು ಹೆಬ್ಬಾಳದ ಡಾಕ್ಟರು. ಕತ್ತರಿಸುವ ಮೇಜಿನ ಮುಂದೆ ನಿಲ್ಲದೆ ಅವಳ ಕಸುಬು ಎಲ್ಲಿಯದು? ಮೊದಲು ಕೊಂಡ ಜೊತೆ ಹೆಬ್ಬೆರಳನ್ನು ಒತ್ತಿತು. ಎರಡನೆಯದು ಮೆತ್ತಗಿತ್ತು, ಆದರೆ ಹತ್ತಿಯ ಮೂಟೆಯ ಮೇಲೆ ನಿಂತಂತೆ ಕಾಲು ಹೂತುಹೋಗುತ್ತಿತ್ತು. ಕೊನೆಗೆ ಯಲಹಂಕದ ಹಳೇ ಊರಿನಲ್ಲಿ ಚಪ್ಪಲಿ ಹೊಲಿಯುವ ಮುಜಫ್ಫರ್, “ಬೆಳಿಗ್ಗೆ ಕಾಲೇ ಬೇರೆ, ಸಂಜೆ ಕಾಲೇ ಬೇರೆ ಮೇಡಂ. ಊತ ಬಂದಾಗ ಬನ್ನಿ,” ಎಂದು ವಾಪಸ್ ಕಳಿಸಿದ್ದ. ಸಂಜೆ ಹೋದಾಗ ಕಾಗದದ ಮೇಲೆ ಅವಳನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಎಳೆದ. ಊರಿನವರ ಅಳತೆಯನ್ನೆಲ್ಲ ತೆಗೆದ ಅವಳ ಅಳತೆಯನ್ನು ಯಾರೋ ಅಷ್ಟು ಜೋಪಾನವಾಗಿ ತೆಗೆದದ್ದು ಅದೇ ಮೊದಲು. ಮುಂದೆ ಅಗಲ, ಹಿಮ್ಮಡಿಗೆ ಪಟ್ಟಿ, ಒಳಗೆ ಪಾದದ ಹಳ್ಳಕ್ಕೆ ಸರಿಯಾಗಿ ಉಬ್ಬು. ಹಾಕಿಕೊಂಡು ನಿಂತವಳಿಗೆ ಯಾರೋ ಕೆಳಗಿನಿಂದ ಎತ್ತಿ ಹಿಡಿದ ಹಾಗಾಗಿತ್ತು.

ಈ ಜೊತೆ ಆಚೆ ಹೋದರೆ, ಅದರ ಹಿಂದೆಯೇ ಕತ್ತರಿಯೂ ಹೋಗಬೇಕು. ಅದು ವನಿತಾಗೆ ಗೊತ್ತಿತ್ತು.

ಅಕ್ಕಯ್ಯಮ್ಮ ಬಗ್ಗಿ ಒಂದು ಚಪ್ಪಲಿಯನ್ನು ಕೈಗೆತ್ತಿಕೊಂಡಳು. ತಿರುಗಿಸಿ ತಳ ನೋಡಿದಳು. ಮಣ್ಣಿನ ಗುರುತಿಲ್ಲ. ಹಣ್ಣಾಗಿದೆಯೇ ಎಂದು ಸೀಬೆಕಾಯಿ ಹಿಚುಕುವ ಹಾಗೆ ಹೆಬ್ಬೆರಳಲ್ಲಿ ಒತ್ತಿ ನೋಡಿದಳು.

“ಇದಿಲ್ದೆ ಎಷ್ಟೊತ್ತು ನಿಂತ್ಕೋತೀಯ?”

“ಒಂದು ಬ್ಲೌಸ್ ಕಟ್ ಮಾಡೋಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತೆ.”

“ಆಕ್ಕೊಂಡ್ರೆ?”

“ಆರು ಮಾಡ್ತೀನಿ.” ಹೇಳುವಾಗ ವನಿತಾಳ ತಲೆ ತಾನಾಗಿಯೇ ಮೇಲೆದ್ದಿತ್ತು. “ಗೌರಿ ಹಬ್ಬದ ವಾರ ಎಂಟು ಮಾಡ್ದೆ.”

“ಎಂಟು!” ಅಕ್ಕಯ್ಯಮ್ಮ ಮಗನ ಕಡೆ ತಿರುಗಿದಳು. “ಕೇಳಿದ್ಯೇನ್ಲಾ?” ಮತ್ತೆ ಸೊಸೆಯತ್ತ ತಿರುಗಿದಾಗ ಮುಖ ಗಂಟಿಕ್ಕಿತ್ತು. “ಮೆಟ್ಟು ಒಳಗ್ ಬಂತು ಅಂತ ಅಲ್ಲ ನಂಗೆ ಕೋಪ. ನಾಲ್ಕು ತಿಂಗ್ಳು ಕಳ್ಳಿ ಅಂಗೆ ಬಚ್ಚಿಟ್ಟಲ್ಲ, ನಾನೇನು ನಿನ್ ಕಾಲು ಕಾಣದ ಕುರುಡೀನಾ? ಓಗು, ಒದ್ದೆ ಬಟ್ಟೇಲಿ ಒರೆಸ್ಕೊಂಡ್ ಬಾ. ಕತ್ತರಿ ಪಕ್ಕ ಇಡು.”

“ಅಮ್ಮ!” ಶಿವರಾಮ್ ಗಾಬರಿಯಾದ. “ಚಪ್ಪಲಿಗೆ ಪೂಜೆನಾ? ಜನ ನಗಲ್ವಾ?”

“ನಿನ್ ಸ್ಕೂಟರ್ ಚಕ್ರ ಏನು ತುಳ್ಕೊಂಡ್ ಬತ್ತದೆ ದಿನಾ? ಸಗಣಿ, ಉಚ್ಚೆ, ಮೋರಿ ನೀರು. ಅದಕ್ಕೆ ಕುಂಕುಮ ಇಟ್ಟು, ನಿಂಬೆಹಣ್ಣು ಮಡಗಿ ಕೈ ಮುಗೀತೀಯ. ಇದು ಬೀದಿ ಮುಖಾನೇ ನೋಡಿಲ್ಲ. ಸುಮ್ಕೆ ಹೂ ಕಟ್ ಓಗ್ಲಾ.”

ಕೆರೆ ಕೆಳಗೆ ಗದ್ದೆಯಿದ್ದ ಕಾಲದ ಕುಡುಗೋಲು, ಈಳಿಗೆಮಣೆ, ಕತ್ತರಿ, ಅಳತೆಯ ಟೇಪು; ಅವುಗಳ ಸಾಲಿನಲ್ಲಿ ಚಪ್ಪಲಿಯೂ ಕೂತಿತು. ಅಕ್ಕಯ್ಯಮ್ಮ ತಾನೇ ಎರಡರ ಮೇಲ್ಪಟ್ಟಿಗೂ ಒಂದೊಂದು ಕುಂಕುಮದ ಬೊಟ್ಟಿಟ್ಟಳು. ಮಂಗಳಾರತಿ ಆದ ಮೇಲೆ ವನಿತಾ ಕುಂಟುತ್ತ ಅಡುಗೆಮನೆಯ ಕಡೆ ಹೊರಟಾಗ ಅತ್ತೆ ಕೈ ಅಡ್ಡ ಹಾಕಿದಳು.

“ಎಲ್ಲಿಗೆ? ಪೂಜೆಗಿಟ್ಟ ಆಯುಧಾನ ಇವತ್ತು ಮುಟ್ಟಂಗಿಲ್ಲ. ಆಯುಧ ಕೂತಿರೋವಾಗ ಆಳೂ ಕೂತ್ಕೋಬೇಕು. ಪಾಯಸ ನಾನು ಮಾಡ್ತೀನಿ.”

ಬಾಗಿಲ ಬಳಿಯ ಕುರ್ಚಿಯಲ್ಲಿ ವನಿತಾ ಆ ದಿನವೆಲ್ಲ ಕೂತಳು. ಆ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಪಾಯಸಕ್ಕೆ ಬೆಲ್ಲ ಹೆಚ್ಚಾಗಿತ್ತು. ವನಿತಾ ಲೋಟ ಖಾಲಿ ಮಾಡಿದಳು.

ಮಾರನೇ ದಿನ ವಿಜಯದಶಮಿ. ಬೆಳಿಗ್ಗೆಯೇ ಪಕ್ಕದ ಬೀದಿಯ ಮುನಿಶಾಮಮ್ಮ ಮಗಳ ಬ್ಲೌಸಿನ ಬಟ್ಟೆ ಹಿಡಿದು ಬಂದಳು. ಒಳಗೆ ಮೇಜಿನ ಮುಂದೆ ನೆಟ್ಟಗೆ ನಿಂತು, ವನಿತಾ ಎರಡನೆಯ ಬ್ಲೌಸಿಗೆ ಕತ್ತರಿ ಹಾಕುತ್ತಿದ್ದಳು. ಮುನಿಶಾಮಮ್ಮನ ಕಣ್ಣು ಅವಳ ಪಾದಕ್ಕೆ ಇಳಿಯಿತು.

“ಏನಕ್ಕಾ, ನಮಗೊಂದು ನ್ಯಾಯ, ನಿನ್ ಸೊಸೆಗೊಂದು ನ್ಯಾಯಾನಾ? ಮೆಟ್ಕೊಂಡೇ ನಿಂತವ್ಳೆ ಒಳಗೆ!”

ಅಕ್ಕಯ್ಯಮ್ಮ ಕುರ್ಚಿಯಿಂದ ಏಳಲಿಲ್ಲ. ಕೈಲಿದ್ದ ಪೊರಕೆ ಕಡ್ಡಿ ಎತ್ತಿ ಒಳಗೆ ತೋರಿಸಿದಳು.

“ಅದು ಆಯುಧ ಕಣೇ. ಬೊಟ್ಟು ಕಾಣಾಕಿಲ್ವಾ?” ಅದೇ ಕಡ್ಡಿ ಕೆಳಗಿಳಿದು ಹೊಸಿಲಿನಾಚೆಗೆ ಬಂತು. “ನಿಂದು ಚಪ್ಪಲಿ. ಆಚೆ ಬಿಡು.”