ಮೂರನೆಯ ಪಾಸು

ಹುಚ್ಚಪ್ಪ ಏನೋ ಆಟ ಹೂಡಿದ್ದಾನೆ ಎಂಬ ಅನುಮಾನ ಅಜಯಕುಮಾರನಿಗೆ ಹುಟ್ಟಿದ್ದು ಬೆಳಗಿನ ಚಹಾದ ಹೊತ್ತಿನಲ್ಲಿ. ಹೈಸ್ಕೂಲು ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಅವನದೊಂದು ಸಂದೇಶ ಬಿದ್ದಿತ್ತು.

'ಅಜಯ, ಆ ಸಮಾವೇಶದಾಗ ಖರೇ ಇಂಜಿನ್ ಇಡ್ತಾರೋ, ಬರೇ ಚಿತ್ರಾನೋ?'

ಹತ್ತನೇ ತರಗತಿಯನ್ನು ಮೂರು ಸಲ ಬರೆದ ಹುಚ್ಚಪ್ಪ. ಹೊಳೆಮಣ್ಣೂರಿನಲ್ಲಿ ಎಮ್ಮೆ ಕಟ್ಟಿಕೊಂಡಿರುವ ಹುಚ್ಚಪ್ಪ. ಅವನಿಗೆ ರಾಕೆಟ್ ಇಂಜಿನ್ ಯಾಕೆ?

ಗ್ರೂಪು ಕಟ್ಟಿದವಳು ರೂಪಾ. ಗಜೇಂದ್ರಗಡಕ್ಕೆ ಸೊಸೆಯಾಗಿ ಹೋದವಳು, ಈಗ ಗಂಡನ ಮನೆಯ ಮಗ್ಗದ ಸೀರೆಗಳನ್ನು ತಾನೇ ಮಾರುತ್ತಾಳೆ. ರೋಣದ ಹೈಸ್ಕೂಲಿನಲ್ಲಿ ಕೂಡಿ ಓದಿದವರೆಲ್ಲ ಸೇರಿ ವಿಜ್ಞಾನದ ಮಾಳಿಂಗರಾಯ ಮಾಸ್ತರಿಗೆ ಗುರುವಂದನೆ ಮಾಡಬೇಕೆಂಬುದು ಅವಳ ಹಟ. ಮಾಸ್ತರು ಫೋನು ಇಟ್ಟುಕೊಂಡವರಲ್ಲ ಎಂದು ಖುದ್ದು ರೋಣಕ್ಕೆ ಹೋಗಿ ಬಂದಿದ್ದಳು. ಬರುವಾಗ ಹಳೆಯ ಗೆಳೆಯರ ನಂಬರುಗಳನ್ನೂ ತಂದಿದ್ದಳು.

"ಗುರುಗಳಿಗೆ ಎಲ್ಲಾರ ನಂಬರೂ ಬಾಯಿಪಾಠ ಅದಾವು! ಹುಚ್ಚಪ್ಪಂದೂ ಅವರ ಕೊಟ್ರು."

ನರಗುಂದದ ಪರಶು ಟ್ರ್ಯಾಕ್ಟರಿನ ಬಿಡಿಭಾಗ ಮಾರುವವನು. ಹಾಗಾಗಿ ಅವನ ಯೋಜನೆಯಲ್ಲಿ ಟ್ರ್ಯಾಕ್ಟರ್ ಇರಲೇಬೇಕಿತ್ತು. ಮಾಸ್ತರನ್ನು ಅದರ ಮೇಲೆ ಕೂಡಿಸಿ, ಹಲಗೆ ಬಾರಿಸಿ ಊರೆಲ್ಲ ಮೆರವಣಿಗೆ. ಆಮೇಲೆ ಪೇಟ, ಶಾಲು, ಹಣ್ಣಿನ ಬುಟ್ಟಿ.

ಹುಚ್ಚಪ್ಪ ಅಡ್ಡ ಬಂದ. 'ಬಿಸಲಾಗ ಮುದುಕನ್ನ ಕೊಲ್ತಿಯೇನು ಪರಶು? ಶಾಲು ಅಂತೂ ಬ್ಯಾಡ. ಟ್ರಂಕ್ ತುಂಬಿ ಹೊರಗ ಬಿದ್ದಾವು.'

ಆ ವಾರ ತನಗೆ ಬೆಂಗಳೂರಿನ ಬಾಹ್ಯಾಕಾಶ ಉದ್ಯಮದ ಸಮಾವೇಶವಿದೆ, ಊರಿಗೆ ಬರಲಾಗದು ಎಂದು ಅಜಯ ಹಿಂದಿನ ರಾತ್ರಿ ಬರೆದಿದ್ದ. ಉತ್ತರಕ್ಕೆ ಕಾಯುತ್ತಿದ್ದವನಂತೆ ಹುಚ್ಚಪ್ಪ ಜಿಗಿದಿದ್ದ.

'ಚಲೋ ಆತು. ಎಲ್ಲಾರೂ ಅಲ್ಲಿಗೇ ಹೋಗೂಣು. ಹಗಲು ಸಮಾವೇಶ, ಸಂಜಿಕ ಸಮ್ಮಿಲನ. ಮಾಸ್ತರಿಗೆ ಒಳಗಿನ ಪಾಸು ಅಜಯ ಕೊಡ್ತಾನ.'

ಅಜಯ ಕನ್ನಡಕ ಹುಡುಕುವಷ್ಟರಲ್ಲಿ ಇಡೀ ಗ್ರೂಪು ಹೆಬ್ಬೆರಳು ಎತ್ತಿ ಮುಗಿಸಿತ್ತು.

ಪಾಸು! ಹುಬ್ಬಳ್ಳಿಯ ಅವನ ಕಾರ್ಖಾನೆ ಉಪಗ್ರಹಗಳಿಗೆ ಮುಷ್ಟಿಯಷ್ಟು ದೊಡ್ಡ ವಾಲ್ವ್ ಮಾಡುತ್ತದೆ. ಸಮಾವೇಶದಲ್ಲಿ ಇದು ಅವರ ಮೊದಲ ಮಳಿಗೆ. ಸಿಕ್ಕಿದ್ದು ಮೂರು ಪಾಸು. ಒಂದು ಅವನದು, ಇನ್ನೊಂದು ಪಾಲುದಾರ ಜಹೀರನದು. ಮೂರನೆಯದು ಪುಣೆಯ ಗಿರಾಕಿಗೆ. ಕಾರ್ಖಾನೆಯ ಮೊದಲ ಆರ್ಡರು ಅವರ ಕೈಯಲ್ಲಿತ್ತು.

ಚಹಾ ಮುಗಿಸಿದವನೇ ಹುಚ್ಚಪ್ಪನಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಸಂದೇಶ ಬಂತು: 'ಎಮ್ಮಿ ಹಿಂಡಾಕತ್ತೀನಿ.' ಮಧ್ಯಾಹ್ನ ಮತ್ತೆ ಹಚ್ಚಿದ. 'ಎಮ್ಮಿ ಹಿಂಡಾಕತ್ತೀನಿ.'

ಜಹೀರ ನಕ್ಕ. "ಮಟಮಟ ಮಧ್ಯಾಹ್ನ ಹಾಲು ಕೊಡೋ ಎಮ್ಮಿ ಯಾವದೋ ಮಾರಾಯಾ? ಪಂಚಾಯ್ತಿ ಎಲೆಕ್ಷನ್ ಬರಾಕತ್ತೈತಿ, ತಿಳ್ಕೊ. ಮಾಸ್ತರ ಹೆಸರ್ಲೆ ಪಾಸು ಇಸ್ಕೊಂಡು ತಾನ ಒಳಗ ಹೊಕ್ತಾನ. ರಾಕೆಟ್ ಮುಂದ ಫೋಟೋ, ಊರ ತುಂಬ ಬ್ಯಾನರ್."

ಅದೇ ಸರಿಯೆನಿಸಿತು. ಅಜಯ ಹುಚ್ಚಪ್ಪನಿಗೊಬ್ಬನಿಗೇ ಬರೆದ: 'ಪಾಸು ಇಲ್ಲ.'

ಉತ್ತರ ತಕ್ಷಣ ಬಂತು.

'ಎಂಟನೇ ಕ್ಲಾಸಿನ ಬಲೂನು ಯಾರು ಕದ್ದರಂತ ಗ್ರೂಪಿನ್ಯಾಗ ಹಾಕ್ಲೇನು?'

ಅಜಯನ ಕಿವಿ ಬಿಸಿಯಾಯಿತು. ಅಂದು ಇನ್ಸ್‌ಪೆಕ್ಟರು ಶಾಲಾ ತಪಾಸಣೆಗೆ ಬರುವವರಿದ್ದರು. ರಾಕೆಟ್ಟು ಹೇಗೆ ಹಾರುತ್ತದೆಂದು ತೋರಿಸಲು ಮಾಸ್ತರು ಗೋಡೆಯಿಂದ ಗೋಡೆಗೆ ದಾರ ಕಟ್ಟಿದ್ದರು. ದಾರದಗುಂಟ ಓಡಬೇಕಿದ್ದ ಕೆಂಪು ಬಲೂನು ಮೇಜಿನ ಖಾನೆಯಿಂದ ಮಾಯವಾಗಿತ್ತು. ಮಾಸ್ತರು ಯಾರನ್ನೂ ವಿಚಾರಿಸದೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಪಾಠ ಮುಗಿಸಿದ್ದರು. ಬಲೂನು ಅಜಯನ ಚಡ್ಡಿಯ ಕಿಸೆಯಲ್ಲಿತ್ತು. ಕಂಡವನು ಪಕ್ಕದ ಹುಚ್ಚಪ್ಪನೊಬ್ಬನೇ.

ಇಷ್ಟಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಮಳಿಗೆಗೆಂದು ಅಚ್ಚು ಹಾಕಿಸಿದ ಪ್ರತಿ ಹಾಳೆಯ ಮೇಲೂ ಅಜಯನ ನಗುಮುಖದ ಕೆಳಗೆ ಹೀಗಿತ್ತು: 'ನನ್ನ ಗುರುಗಳು ಅಂದು ಹಾರಿಸಿದ ಕೆಂಪು ಬಲೂನೇ ಈ ಸಂಸ್ಥೆಯ ಸ್ಫೂರ್ತಿ.'

ಪಾಸು ಮಾಸ್ತರ ಹೆಸರಿಗಾಯಿತು. ಪುಣೆಯವರಿಗೆ ಕ್ಷಮೆ ಕೇಳಿದ. ಅವರು 'ನೋಡೋಣ' ಎಂದಷ್ಟೇ ಬರೆದರು.

ಉಳಿದವರು ಸಂಜೆಯ ಸಮ್ಮಿಲನಕ್ಕೇ ಬರುವುದೆಂದಾಗಿತ್ತು. ಸಮಾವೇಶದ ದಿನ ಅಜಯ ತಾನೇ ಗೇಟಿನಲ್ಲಿ ನಿಂತ. ಪಾಸು ಮಾಸ್ತರ ಕೊರಳಿಗೇ ಬೀಳಬೇಕು, ಹುಚ್ಚಪ್ಪನ ಕೈಗಲ್ಲ. ಮಾಸ್ತರು ಬಂದರು. ಇಸ್ತ್ರಿಯ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಹಿಂದೆ ಚೀಲ ಹೊತ್ತ ಹುಚ್ಚಪ್ಪ.

"ನಮಸ್ಕಾರ್ರಿ ಸರ. ಪ್ರಯಾಣ ಆರಾಮಾತ್ರೇನು?"

"ಇಂಜಿನ್ ಯಾ ಕಡಿಗೈತಿ?" ಎಂದರು ಮಾಸ್ತರು. ಪಾಸು ಕೊರಳಿಗೆ ಬಿದ್ದದ್ದೇ ತಡ, ತಿರುಗಿಯೂ ನೋಡದೆ ಒಳಹೊಕ್ಕರು.

ಅಜಯ ಹುಚ್ಚಪ್ಪನತ್ತ ಹೊರಳಿದ. "ಈಗ ನಿನಗೂ ಒಂದು ಪಾಸು ಬೇಕಂತೀಯಲ್ಲ?"

"ನಾ ಒಳಗ ಬಂದು ಏನ ಮಾಡ್ಲಿ? ಮಾಸ್ತರು ಜೋಡಿಗೆ ಬಾ ಅಂದ್ರು, ಬಂದೆ. ಆ ಗಿಡದ ನೆಳ್ಳಿಗೆ ಮಕ್ಕೋತೀನಿ."

"ಸಾಕ್ ಬಿಡಲೇ ನಾಟಕ! ಬಲೂನಿನ ಹೆದರಿಕಿ ಹಾಕಿ ಪಾಸು ಕಿತ್ತವ ನೀ."

"ಬಲೂನಾ? ಏ, ಅದನ್ನ ನಾ ಇವತ್ತಿನ ತನಕಾ ಯಾರ ಮುಂದೂ ಬಾಯಿ ಬಿಟ್ಟಿಲ್ಲಪಾ."

"ಗ್ರೂಪಿನ್ಯಾಗ ಹಾಕ್ತೀನಂತ ನನಗ ಬರದದ್ದು ಯಾರು ಹಂಗಾದ್ರ?"

"ಯಾವ ಗ್ರೂಪು?" ಹುಚ್ಚಪ್ಪ ಕಿಸೆಯಿಂದ ರಬ್ಬರು ಸುತ್ತಿದ ಗುಂಡಿ ಫೋನು ತೆಗೆದ. "ಇದರಾಗ ನೆಟ್ಟಗ ಹತ್ತೂದು ಬ್ಯಾಟರಿ ದೀಪ ಒಂದ."

ರೂಪಾಳಿಗೆ ಆ ನಂಬರು ಕೊಟ್ಟವರು ಯಾರೆಂದು ನೆನಪಾಗಿ ಅಜಯ ಒಳಗೆ ಓಡಿದ. ಅವನ ಮಳಿಗೆಯಲ್ಲಿ ಪುಣೆಯವರು ವಾಲ್ವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು, ಸ್ವಂತ ಪಾಸಿನಲ್ಲಿ ಬಂದು. ಜಹೀರ ಕಣ್ಣಲ್ಲೇ ಎಲ್ಲ ಸರಿಯಿದೆ ಎಂದ. ಅಜಯ ನಿಲ್ಲಲಿಲ್ಲ.

ಎರಡಾಳೆತ್ತರದ ಇಂಜಿನಿನ ಮುಂದೆ ಮಾಸ್ತರು ನಿಂತಿದ್ದರು. ಕೈ ಬೆನ್ನ ಹಿಂದೆ, ಕುತ್ತಿಗೆ ಮೇಲಕ್ಕೆ, ಬಾಯಿ ಅರೆತೆರೆದು. ಅಜಯ ತುಸು ದೂರದಲ್ಲೇ ನಿಂತು 'ಹುಚ್ಚಪ್ಪ' ಎಂಬ ಹೆಸರನ್ನು ಒತ್ತಿದ.

ಎರಡು ಪೆನ್ನಿನ ಹಿಂದೆ ಏನೋ ಗುಂಯ್‌ಗುಟ್ಟಿತು. ಮಾಸ್ತರು ಇಂಜಿನಿನಿಂದ ಕಣ್ಣು ಕೀಳಲು ಮನಸ್ಸಿಲ್ಲದೆ ಕಿಸೆಗೆ ಕೈ ಹಾಕಿದರು, ಸದ್ದು ಅಡಗಿಸಿದರು, ಒಂದೇ ಬೆರಳಿನಲ್ಲಿ ನಿಧಾನಕ್ಕೆ ಏನೋ ಒತ್ತಿದರು.

ಅಜಯನ ಫೋನಿನಲ್ಲಿ ಹುಚ್ಚಪ್ಪನ ಸಂದೇಶ ಬಿತ್ತು: 'ಕ್ಲಾಸ್ ನಡದಾಗ ಫೋನ್ ಹಚ್ಚಬಾರದು ಅಜಯ. ಬಲೂನಿನ ಲೆಕ್ಕ ಚುಕ್ತಾ.'